ತೂತು ಬಟ್ಟಲಿನ ಕೆಂಚಯ್ಯ

ಬನ್ನಿ, ಕೂತ್ಕೊಳ್ಳಿ. ಮೊರ ಹತ್ತಿರ ಎಳ್ಕೊಳ್ಳಿ. ಕೈ ನಿಲ್ಲಿಸಬೇಡಿ, ಅವರೆಕಾಳು ಹಿದುಕ್ತಾ ಹಿದುಕ್ತಾ ಕೇಳಿ. ನಡುನಡುವೆ ಯಾರಾದ್ರೂ ಹೂಂ ಅನ್ನಿ. ನನಗೂ ವಯಸ್ಸಾಯ್ತು. ಹೂಂ ಅನ್ನೋರಿಲ್ಲದಿದ್ರೆ ಕಥೆ ನಡುದಾರೀಲೇ ಕೂತುಬಿಡುತ್ತೆ.

ಒಂದೂರು. ಯಾವೂರು ಅಂತ ಕೇಳಬೇಡಿ, ನಮ್ಮಜ್ಜಿಗೂ ಗೊತ್ತಿರಲಿಲ್ಲ. ಊರಿಗೊಬ್ಬ ರಾಜ, ರಾಜನಿಗೊಂದು ಅರಮನೆ, ಅರಮನೆ ಹೆಬ್ಬಾಗಿಲ ಪಕ್ಕ ಒಂದು ಕೊಪ್ಪರಿಗೆ ನೀರು. ಆ ನೀರಿನ ಮುಂದೆ ಕೂತಿದ್ದೋನೇ ನಮ್ಮ ಕೆಂಚಯ್ಯ.

ಅವನ ಕೆಲಸ ಏನು ಗೊತ್ತಾ? ಒಂದು ತಾಮ್ರದ ಬಟ್ಟಲು. ಅದರ ತಳದಲ್ಲಿ ಸೂಜಿ ಮೊನೆಯಷ್ಟು ತೂತು. ಬಟ್ಟಲನ್ನ ನೀರಿನ ಮೇಲೆ ಬಿಡಬೇಕು. ತೂತಿನಿಂದ ನೀರು ಏರುತ್ತೆ, ಏರುತ್ತೆ, ಬಟ್ಟಲು ಬುಳಕ್ ಅಂತ ಮುಳುಗುತ್ತೆ. ಮುಳುಗಿದರೆ ಒಂದು ಗಳಿಗೆ ಆಯ್ತು ಅಂತ ಲೆಕ್ಕ. ಜಾಗಟೆಗೊಂದು ಏಟು ಕೊಡಬೇಕು. ಬಟ್ಟಲು ಎತ್ತಿ, ಒರೆಸಿ, ಮತ್ತೆ ಬಿಡಬೇಕು. ಹಗಲಿಗೆ ಮೂವತ್ತು ಸಲ. ಇಪ್ಪತ್ತೆರಡು ವರ್ಷ ಅವನು ಅದನ್ನೇ ಮಾಡಿದ. ಒಂದು ದಿನ ತೂಕಡಿಸಲಿಲ್ಲ. ಊರು ಅವನ ಏಟಿಗೆ ಏಳ್ತಿತ್ತು, ಅವನ ಏಟಿಗೆ ಉಣ್ತಿತ್ತು. ಅವನ ಮುಖ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಹೀಗಿರುವಾಗ ಯಾವನೋ ಪರದೇಶದ ವ್ಯಾಪಾರಿ ಬಂದ. ತನ್ನಷ್ಟಕ್ಕೆ ತಾನೇ ಬಡ್ಕೊಳ್ಳೋ ಗಡಿಯಾರ ತಂದು ರಾಜನಿಗೆ ಕಾಣಿಕೆ ಕೊಟ್ಟ. ಸರಿ, ಕೆಂಚಯ್ಯ ಯಾಕೆ ಬೇಕು? ಅರಮನೆ ಪಾರುಪತ್ಯಗಾರ ಅವನನ್ನ ಕರೆದು ಹೇಳಿದ: "ಕೆಂಚಯ್ಯ, ನಿನ್ನದೇನೂ ತಪ್ಪಿಲ್ಲಪ್ಪ. ಬಟ್ಟಲು ನೀನೇ ಇಟ್ಕೋ. ಬರೋ ಹುಣ್ಣಿಮೆ ಆದ ಮೇಲೆ ಇನ್ನೊಂದು ಹುಣ್ಣಿಮೆ ಬರುತ್ತಲ್ಲ, ಅಷ್ಟರಲ್ಲಿ ಮನೆ ಖಾಲಿ ಮಾಡು. ಅದು ಅರಮನೆ ಆಳಿನ ಮನೆ."

ತಪ್ಪಿಲ್ಲ ಅಂತ ಹೇಳಿ ಕಳಿಸಿದರೆ ನೋವು ಕಮ್ಮಿ ಆಗುತ್ತಾ? ನೀವೇ ಹೇಳಿ.

ಮನೇಲಿ ಹೆಂಡತಿ ದೇವೀರಮ್ಮ. ಅವಳಿಗೆ ಎರಡೂ ಮೊಣಕಾಲು ಹಿಡಿದುಬಿಟ್ಟಿತ್ತು. ಗೋಡೆ ಹಿಡಿದು ಒಲೆವರೆಗೆ ಹೋದರೆ ಅದೇ ದೊಡ್ಡ ಪಯಣ. ಗಂಡ ಸುದ್ದಿ ಹೇಳಿದ. ಅವಳು ಅಳಲಿಲ್ಲ, ಬೈಯಲಿಲ್ಲ. "ನಮ್ಮಣ್ಣನ ಮನೆಗೆ ಮಾತ್ರ ಕಳಿಸಬೇಡ. ಅತ್ತಿಗೆ ತಟ್ಟೆ ಇಡೋ ಸದ್ದು ನನಗೆ ಗೊತ್ತು. ಎಲ್ಲಾದ್ರೂ ಸರಿ, ನಮ್ಮದು ಅನ್ನೋ ಒಂದು ಸೂರು ನೋಡು" ಅಂದಳು.

"ನೋಡ್ತೀನಿ" ಅಂದ. ಬಟ್ಟಲು, ಮನೇಲಿದ್ದ ಪುಟ್ಟ ಜಾಗಟೆ, ನಾಲ್ಕು ರೊಟ್ಟಿ ಗಂಟು ಕಟ್ಟಿಕೊಂಡು ಹೊರಟ.

ಕೇಳಿ, ಆ ನಾಡಲ್ಲಿ ಒಂದು ಪದ್ಧತಿ. ಪ್ರತಿ ಊರಿನ ಬಾಗಿಲಲ್ಲೂ ಅರಳಿಮರದ ಕೆಳಗೆ ಒಂದು ಕೆಲಸದ ಕಟ್ಟೆ. ಕೆಲಸ ಬೇಕಾದೋರು ಬೆಳಿಗ್ಗೆ ಬಂದು ಅಲ್ಲಿ ಕೂರಬೇಕು. ಕೇಳದೆ ಬಾಯಿ ಬಿಡೋ ಹಾಗಿಲ್ಲ. ತಮ್ಮ ಕಸುಬಿನ ಸಾಮಾನು ಮುಂದಿಟ್ಕೊಂಡು ಕಾಯಬೇಕು. ಬಡಗಿ ಮುಂದೆ ಬಾಚಿ, ಚಮ್ಮಾರನ ಮುಂದೆ ಉಳಿ, ನೇಕಾರನ ಮುಂದೆ ಲಾಳಿ. ಕೆಲಸ ಕೊಡೋರು ಸಾಮಾನು ನೋಡ್ತಾರೆ, ಬೇಕಾದೋರನ್ನ ಕರ್ಕೊಂಡು ಹೋಗ್ತಾರೆ.

ಕೆಂಚಯ್ಯ ಮೊದಲನೇ ಊರಿಗೆ ಹೋದ. ಕಟ್ಟೆ ಮೇಲೆ ಕೂತ. ಬಟ್ಟಲು ಮುಂದಿಟ್ಟ.

ಬಟ್ಟಲು ಮುಂದಿಟ್ಕೊಂಡು ಕೂತೋನನ್ನ ನೋಡಿದರೆ ಜನ ಏನಂದ್ಕೊಳ್ತಾರೆ? ಒಬ್ಬಳು ಪುಣ್ಯಾತ್ಗಿತ್ತಿ "ಪಾಪ, ಕುಡೀರಪ್ಪ" ಅಂತ ಮಜ್ಜಿಗೆ ಹುಯ್ದಳು. ಅವನು ಬಟ್ಟಲು ಎತ್ತಿಕೊಳ್ಳೋಷ್ಟರಲ್ಲಿ ಮಜ್ಜಿಗೆ ತೊಟಕ್ ತೊಟಕ್ ಅಂತ ಪಂಚೆ ಮೇಲೆ. ಇನ್ನೊಬ್ಬ ಬಗ್ಗಿ ನೋಡಿ "ಕಂಚುಗಾರ ಆ ಬೀದೀಲಿದ್ದಾನೆ, ತೂತು ಮುಚ್ಚಿಸ್ಕೋ" ಅಂದ. ಮೂರನೆಯವನು ನಕ್ಕು ಹೋದ. ಹತ್ತು ದಿನ ಕೂತ. ಯಾರೂ ಕರೀಲಿಲ್ಲ.

ಅಲ್ಲಿಗೊಬ್ಬ ಸಾಣೆ ಹಿಡಿಯೋನು ಬಂದ, ದೊಳ್ಳಯ್ಯ ಅಂತ. ಸಾಣೆಚಕ್ರ ಹೆಗಲ ಮೇಲೆ. ಕಟ್ಟೆ ಮೇಲೆ ಕೂರಲಿಲ್ಲ, ನೆರಳಲ್ಲಿ ಬೆವರು ಒರೆಸಿಕೊಂಡು ಓಣಿ ಒಳಗೆ ಹೋದ. ಸಂಜೆಗೆ ವಾಪಸ್ ಬಂದಾಗ ಹೊಟ್ಟೆ ತುಂಬಿತ್ತು, ಮಡಿಲೂ ತುಂಬಿತ್ತು. ಅವನನ್ನ ಕೇಳೋಣ ಅಂತ ಕೆಂಚಯ್ಯನಿಗೆ ಅನ್ನಿಸ್ತು. ಅರಮನೆ ಆಳು ಸಾಣೆಯವನ ಹತ್ತಿರ ಬುದ್ಧಿ ಕೇಳೋದಾ? ನಾಚಿಕೆ ಆಯ್ತು. ಕೇಳಲಿಲ್ಲ.

ಎರಡನೇ ಊರಿಗೆ ಹೋದ. ಬಟ್ಟಲು ಗಂಟಲ್ಲಿ ಬಚ್ಚಿಟ್ಟ. ಬರಿಗೈಲಿ ಕೂತ. ಅಕ್ಕಿ ವ್ಯಾಪಾರಿ ಬಂದು "ಏನು ಬರುತ್ತೆ ನಿನಗೆ?" ಅಂದ. "ಏನಾದ್ರೂ ಮಾಡ್ತೀನಿ ಸ್ವಾಮಿ" ಅಂದ. ಗಾಣದವನು ಬಂದ. "ಏನು ಬರುತ್ತೆ?" "ಏನಾದ್ರೂ ಮಾಡ್ತೀನಿ." ಛತ್ರದ ಯಜಮಾನಿ ಬಂದಳು. "ಏನು ಬರುತ್ತೆ?" "ಏನಾದ್ರೂ ಮಾಡ್ತೀನಿ ತಾಯಿ." ಅವಳು "ಅಡುಗೆ ಕೆಲಸ ಇದೆ, ನೀರಿನ ಕೆಲಸ ಇದೆ. ಏನಾದ್ರೂ ಅನ್ನೋ ಕೆಲಸ ನಮ್ಮಲ್ಲಿಲ್ಲಪ್ಪ" ಅಂದಳು. ಮಾತು ಮೆತ್ತಗೇ ಇತ್ತು. ಅದಕ್ಕೇ ಜಾಸ್ತಿ ನಾಟಿತು.

ಅಲ್ಲೂ ದೊಳ್ಳಯ್ಯ ಕಂಡ. ಅಲ್ಲೂ ಕೆಂಚಯ್ಯ ಕೇಳಲಿಲ್ಲ. ಆ ಹೊತ್ತಿಗೆ ಮೊದಲ ಹುಣ್ಣಿಮೆ ಕಳೆದಿತ್ತು.

ಮೂರನೇ ಊರಿನ ದಾರೀಲಿ ಅವನಿಗೆ ಯಾರೋ ಬಿಸಾಕಿದ್ದ ಗಾರೆ ಕೆಲಸದ ಕರಣೆ ಸಿಕ್ತು. ಅದನ್ನೇ ತೊಳೆದು ಕಟ್ಟೆ ಮೇಲೆ ಮುಂದಿಟ್ಕೊಂಡ. ಕೂತ ಅರ್ಧ ಗಳಿಗೇಲಿ ಮೇಸ್ತ್ರಿ ಒಬ್ಬ ಕರೆದೇ ಬಿಟ್ಟ. ನೋಡಿ ವಿಚಿತ್ರ. ಇಪ್ಪತ್ತೆರಡು ವರ್ಷದ ಕೆಲಸಕ್ಕೆ ಕರೆ ಬರಲಿಲ್ಲ, ಗೊತ್ತೇ ಇಲ್ಲದ ಕೆಲಸಕ್ಕೆ ಬಂತು. ಹೋದ. ಗೋಡೆ ಕಟ್ಟಿದ. ಮಧ್ಯಾಹ್ನದ ಹೊತ್ತಿಗೆ ಗೋಡೆ ಬಸುರಿ ಹೊಟ್ಟೆ ಹಾಗೆ ಮುಂದಕ್ಕೆ ಬಂತು. ಮೇಸ್ತ್ರಿ ನೋಡಿದ. ಬೈಯಲಿಲ್ಲ. ಕರಣೆ ತಗೊಂಡು ನೀರಲ್ಲಿ ಚೆನ್ನಾಗಿ ತೊಳೆದ, ಒರೆಸಿದ, ಅವನ ಕೈಗೆ ಕೊಟ್ಟ, ದಾರಿ ಕಡೆ ನೋಡಿದ. ಎರಡು ಏಟು ಹಾಕಿದ್ರೂ ಚೆನ್ನಾಗಿರ್ತಿತ್ತು ಅನ್ನಿಸ್ತು ಕೆಂಚಯ್ಯನಿಗೆ.

ಆ ಊರಿನ ಕಾಲುವೆ ಮೆಟ್ಟಿಲ ಮೇಲೆ ಬಂದು ಕೂತ. ಅಂಗಾಲು ಬಿರಿದಿತ್ತು. ಗಂಟಿನ ರೊಟ್ಟಿ ಎಂದೋ ಮುಗಿದಿತ್ತು. ಹುಣ್ಣಿಮೆಗೆ ಇನ್ನು ಆರು ದಿನ. ದೇವೀರಮ್ಮ ಗೋಡೆ ಹಿಡ್ಕೊಂಡು ಬಾಗಿಲವರೆಗೆ ಬಂದು, ದಾರಿ ನೋಡಿ, ಗೋಡೆ ಹಿಡ್ಕೊಂಡೇ ಒಳಗೆ ಹೋಗೋದು ಕಣ್ಣಿಗೆ ಕಟ್ಟಿತು. ಅವನಿಗೆ ಸಾಕಾಗಿತ್ತು. ಕೆಲಸ ಮಾಡಿ ಆಗೋ ಸುಸ್ತು ಬೇರೆ. ನಾನಿದ್ದೀನಿ, ನಾನಿದ್ದೀನಿ ಅಂತ ಊರೂರಿಗೆ ಹೇಳಿ ಆಗೋ ಸುಸ್ತು ಬೇರೆ. ಅದು ನಿದ್ದೆ ಮಾಡಿದ್ರೂ ಹೋಗಲ್ಲ.

ಆಗ ದೊಳ್ಳಯ್ಯ ಮೂರನೇ ಸಲ ಬಂದ. ಪಕ್ಕದಲ್ಲೇ ಚಕ್ರ ಇಳಿಸಿ ಮುಖ ತೊಳೆದ. ಈ ಸಲ ಕೆಂಚಯ್ಯನಿಗೆ ನಾಚಿಕೆ ಪಡೋಕೂ ಶಕ್ತಿ ಇರಲಿಲ್ಲ.

"ಅಣ್ಣಾ, ನೀನು ಕಟ್ಟೆ ಮೇಲೆ ಕೂತಿದ್ದು ನಾನು ನೋಡಲೇ ಇಲ್ಲ. ನಿನಗೆ ಹೇಗೆ ಕೆಲಸ ಸಿಗುತ್ತೆ?"

ದೊಳ್ಳಯ್ಯ ಅವನನ್ನೇ ನೋಡಿದ. "ಮೂರು ಊರಲ್ಲೂ ನಿನ್ನ ನೋಡಿದೆ. ಈಗ ಕೇಳ್ತಿದ್ದೀಯ. ಇರಲಿ. ನಾನು ಹಿತ್ತಲ ಬಾಗಿಲಿಗೆ ಹೋಗ್ತೀನಿ. ಈಳಿಗೆ ಮಣೆ ಎಲ್ಲಿದೆ ಅಂತ ನೋಡ್ತೀನಿ. ಅಲಗು ಮೊಂಡಾಗಿದ್ರೆ, ಅಮ್ಮಾ, ನಿಮ್ಮ ಈಳಿಗೆ ಅಲಗು ಮೊಂಡಾಗಿದೆ ಅಂತೀನಿ. ನನ್ನ ಸಾಣೆ ವಿಷಯ ಎತ್ತೋದೇ ಇಲ್ಲ."

"ನನ್ನ ಕೆಲಸಕ್ಕೆ ಹಿತ್ತಲ ಬಾಗಿಲು ಎಲ್ಲಣ್ಣ ಇದೆ?"

"ನಿನ್ನ ಕೆಲಸ ಏನು?"

ಕೆಂಚಯ್ಯ ಹೇಳಿದ. ದೊಳ್ಳಯ್ಯ ಬಟ್ಟಲು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಅಂದ: "ಕಾಲುವೆ ಆಚೆ ಬಟ್ಟೆಗೆ ಬಣ್ಣ ಹಾಕೋ ಸಣ್ಣಮ್ಮನ ಅಂಗಳ ಇದೆ. ಅವಳ ಕತ್ತರಿ ನಾನೇ ಸಾಣೆ ಹಿಡಿಯೋದು. ಈ ವರ್ಷ ಮೂರು ಆಳು ಬದಲಾಯಿಸಿದ್ದಾಳೆ. ಏನೋ ಅವಳನ್ನ ಕಾಡ್ತಿದೆ, ಏನು ಅಂತ ನನಗೆ ಗೊತ್ತಿಲ್ಲ. ನನ್ನ ಹೆಸರು ಹೇಳಿ ನೀರು ಕೇಳು. ಕೂತು ನೋಡು. ಗಂಟು ಮಾತ್ರ ಮೊದಲೇ ಬಿಚ್ಚಬೇಡ."

ಹೋದ. ನೀರು ಕೇಳಿದ. ಮೂಲೇಲಿ ಕೂತ.

ಅಂಗಳದಲ್ಲಿ ನೀಲಿ ಬಣ್ಣದ ಮೂರು ತೊಟ್ಟಿ. ತೊಟ್ಟಿಗೊಬ್ಬ ಆಳು. ಸಣ್ಣಮ್ಮ ಸೊಂಟದ ಮೇಲೆ ಕೈ ಇಟ್ಕೊಂಡು ನಿಂತಿದ್ದಾಳೆ. ಮದುವೆ ಮನೆಯವರು ಏಳು ಸೀರೆ ಕೊಟ್ಟಿದ್ದಾರೆ, ಏಳೂ ಒಂದೇ ನೀಲಿ ಬರಬೇಕು. ಹಗ್ಗದ ಮೇಲೆ ಬಂದ ನಾಲ್ಕು ನೋಡಿದರೆ ನಾಲ್ಕು ಥರ, ಇನ್ನು ಮೂರು ಈಗ ತೊಟ್ಟಿಗೆ ಇಳೀತಿವೆ. ಒಂದು ಬೆಳಗಿನ ಆಕಾಶ, ಒಂದು ನೇರಳೆಹಣ್ಣು, ಮಿಕ್ಕಿದ್ದು ನಡುವೆ ಎಲ್ಲೋ. ಸಣ್ಣಮ್ಮ ನೀಲಿ ತೆಗೆಯೋ ಸೊಪ್ಪನ್ನ ಬೈದಳು. ನೀರನ್ನ ಬೈದಳು. ತೊಟ್ಟಿಗೆ ಬೆರೆಸೋ ಸುಣ್ಣ ಮಾರಿದವನನ್ನ ಬೈದಳು.

ಕೆಂಚಯ್ಯ ಸುಮ್ಮನೆ ನೋಡಿದ. ಇಪ್ಪತ್ತೆರಡು ವರ್ಷದಿಂದ ಅವನಿಗೆ ಬರ್ತಿದ್ದುದು ಅದೇ ತಾನೇ?

ಅಲ್ಲಿಯೂ ಒಂದು ಪದ್ಧತಿ ಇತ್ತು. ಸೀರೆ ತೊಟ್ಟಿಗೆ ಇಳಿಸಿದ ಕೂಡಲೇ ಆಳು ಎಲೆಅಡಿಕೆ ಬಾಯಿಗೆ ಹಾಕ್ಕೋಬೇಕು. ಜಗಿದು ಮುಗಿದರೆ ಸೀರೆ ಎತ್ತಬೇಕು. ಸಣ್ಣಮ್ಮನ ಮುತ್ತಜ್ಜನ ಕಾಲದ ಲೆಕ್ಕ. ಈಗ ನೋಡಿ, ಮೊದಲನೇ ತೊಟ್ಟಿಯವನು ಅವಸರದವನು, ನಾಲ್ಕು ಸಲ ಅಗಿದು ಉಗಿದ. ಎರಡನೆಯವನು ನೆರಳಲ್ಲಿ ಮಲಗಿದ ಎಮ್ಮೆ ಹಾಗೆ ಮೆಲುಕು ಹಾಕ್ತಾ ಕೂತ. ಮೂರನೆಯವನಿಗೆ ಹಲ್ಲೇ ಇರಲಿಲ್ಲ.

ನಗಬೇಡಿ. ಕಾಳು ಚೆಲ್ತೀರಿ.

ಕೆಂಚಯ್ಯ ಎದ್ದ. "ಅಮ್ಮಾ, ಸೊಪ್ಪಲ್ಲಿ ತಪ್ಪಿಲ್ಲ, ನೀರಲ್ಲಿ ತಪ್ಪಿಲ್ಲ. ಈ ಸೀರೆ ಅರ್ಧ ಗಳಿಗೆ ನೆಂದಿದೆ, ಆ ಸೀರೆ ಒಂದೂವರೆ ಗಳಿಗೆ ನೆಂದಿದೆ. ಹಲ್ಲಿಲ್ಲದವರ ಸೀರೆ ಇನ್ನೂ ತೊಟ್ಟೀಲೇ ಇದೆ."

"ನೀನ್ಯಾರಪ್ಪ?"

ಅರಮನೆ, ರಾಜ, ಹೆಬ್ಬಾಗಿಲು, ಇಪ್ಪತ್ತೆರಡು ವರ್ಷ, ಎಲ್ಲಾ ನಾಲಿಗೆ ತುದಿಗೆ ಬಂತು. ನುಂಗಿಕೊಂಡ.

"ನಿಮ್ಮ ನೀಲಿ ಒಂದೇ ಥರ ಬರಬೇಕು, ಅಷ್ಟೇ ಅಲ್ವಾ? ತಿಳಿ ಬಂದ ಮೂರು ಸೀರೆ ನನಗೆ ಬಿಡಿ. ಎಲ್ಲಕ್ಕಿಂತ ಗಾಢ ಬಂದದ್ದು ಪಕ್ಕದಲ್ಲಿರಲಿ. ಮಿಕ್ಕ ಮೂರು ಆಮೇಲೆ ನೋಡೋಣ. ಒಂದು ಮಧ್ಯಾಹ್ನ ಸಾಕು."

ಆಮೇಲೆ ಗಂಟು ಬಿಚ್ಚಿದ. ಬೋಗುಣಿಗೆ ನೀರು ತುಂಬಿ ಬಟ್ಟಲು ಬಿಟ್ಟ. ಸಣ್ಣಮ್ಮ ಬಗ್ಗಿ ನೋಡಿ, "ಇದು ತೂತು ಕಣಯ್ಯ" ಅಂದಳು.

"ಹೌದಮ್ಮ. ಕೆಲಸ ಮಾಡೋದು ಆ ತೂತೇ."

ಒಂದು ಸೀರೆ ಇಳಿಸಿದರು. ಬಟ್ಟಲು ಮುಳುಗಿತು, ಏಟು ಬಿತ್ತು, ಎತ್ತಿದರು, ಗಾಢ ಸೀರೆ ಪಕ್ಕ ಹಿಡಿದು ನೋಡಿದರು. ಇನ್ನೊಂದು ಸಲ. ಇನ್ನೂ ಒಂದು ಸಲ. ಯಾವ ಸೀರೆಗೆ ಎಷ್ಟು ಏಟು ಅಂತ ಸಿಕ್ಕಿತು. ಸಂಜೆ ಹಗ್ಗದ ಮೇಲೆ ನಾಲ್ಕು ಸೀರೆ ಸಾಲಾಗಿ ತೂಗಾಡಿದವು. ಸಣ್ಣಮ್ಮ ಆ ತುದಿಯಿಂದ ಈ ತುದಿಗೆ ನಡೆದಳು, ಈ ತುದಿಯಿಂದ ಆ ತುದಿಗೆ ನಡೆದಳು. ನಾಲ್ಕೂ ಒಂದೇ ನೀಲಿ.

"ಏನು ಬೇಕು ನಿನಗೆ?" ಅಂದಳು.

"ಕೆಲಸ ಬೇಕು. ಮೆಟ್ಟಿಲಿಲ್ಲದ ಒಂದು ಕೋಣೆ ಬೇಕು. ನನ್ನ ಹೆಂಡತಿಗೆ ಮೊಣಕಾಲು ನೋವು."

ಹುಣ್ಣಿಮೆಗೆ ಒಂದು ದಿನ ಇರೋ ಹಾಗೆ ಸಣ್ಣಮ್ಮನ ಎತ್ತಿನಗಾಡೀಲಿ ದೇವೀರಮ್ಮ ಬಂದಳು. ಗಾಡಿಯಿಂದ ಕೋಣೆಗೆ ಆರೇ ಹೆಜ್ಜೆ. ಹೊಸ್ತಿಲು ಬಿಟ್ಟರೆ ಕಾಲೆತ್ತಿ ದಾಟಬೇಕಾದ್ದು ಏನೂ ಇಲ್ಲ. ಕೂತು ಸುತ್ತ ನೋಡಿದಳು. ಆಮೇಲೆ ಗಂಡನ ಮುಖ ನೋಡಿದಳು. ಅವನ ಕಣ್ಣು ಗುಳಿ ಬಿದ್ದಿತ್ತು, ಕಾಲು ಬಾತಿತ್ತು.

"ಮಲಕ್ಕೋ ಹೋಗು" ಅಂದಳು.

"ಬಟ್ಟಲು ಯಾರು ನೋಡ್ತಾರೆ?"

"ನನಗೆ ಕಾಲಿಲ್ಲ. ಕಣ್ಣಿದೆ."

ಬೋಗುಣಿ ಮುಂದೆ ಕೂತಳು. ಅವನು ಅಲ್ಲೇ ಪಕ್ಕದಲ್ಲಿ ಮೈ ಚಾಚಿದ. ಹಗಲು ಹೊತ್ತಲ್ಲಿ ಅವನು ಕಣ್ಣು ಮುಚ್ಚಿ ಇಪ್ಪತ್ತೆರಡು ವರ್ಷ ಆಗಿತ್ತು. ತೊಟ್ಟೀಲಿ ಸೀರೆ ಇಳೀತು. ದೇವೀರಮ್ಮ ನೋಡ್ತಾ ಕೂತಳು. ನೀರು ಏರಿತು, ಏರಿತು. ಕಣ್ಣು ಉರೀತು. ಅಂಗಳದಲ್ಲಿ ಯಾರೋ ಜಗಳ ಆಡಿದರು, ತಿರುಗಲಿಲ್ಲ. ನೊಣ ಮೂಗಿನ ಮೇಲೆ ಕೂತಿತು, ಓಡಿಸಲಿಲ್ಲ. ಕೊನೆಗೆ ಬಟ್ಟಲು ಬುಳಕ್ ಅಂತು. ಅವಳು ಜಾಗಟೆಗೊಂದು ಏಟು ಕೊಟ್ಟಳು. ಆಳುಗಳು ಸೀರೆ ಎತ್ತಿದರು.

ಕೆಂಚಯ್ಯ ಏಳಲಿಲ್ಲ. ತಲೆ ಹತ್ತಿರವೇ ಬಡಿದ ಏಟು ಅದು. ಮಗ್ಗುಲು ಬದಲಾಯಿಸಿ ಇನ್ನೂ ಜೋರಾಗಿ ನಿದ್ದೆ ಮಾಡಿದ.

ದೇವೀರಮ್ಮ ಕಣ್ಣು ಒರೆಸಿಕೊಂಡಳು. "ಇಷ್ಟು ವರ್ಷ ಮನೇಲಿ ಕೂತು ಬರೀ ಏಟು ಕೇಳ್ತಿದ್ದೆ" ಅಂದಳು, ಮಲಗಿದ್ದೋನಿಗೆ. "ಒಂದು ಏಟಿಗೆ ಇಷ್ಟೊತ್ತು ನೋಡಬೇಕು ಅಂತ ನೀನು ಒಂದು ದಿನಾನೂ ಹೇಳಲಿಲ್ಲವಲ್ಲ."

ಬಟ್ಟಲು ಎತ್ತಿದಳು, ಸೆರಗಲ್ಲಿ ಒರೆಸಿದಳು, ಮತ್ತೆ ನೀರಿಗೆ ಬಿಟ್ಟಳು.

ಅವರು ಅಲ್ಲಿ ನೀಲಿ ಅದ್ದುತ್ತಾ ಉಳಿದರು, ನಾವು ಇಲ್ಲಿ ಕಾಳು ಹಿದುಕ್ತಾ ಉಳಿದೆವು. ಕಥೆ ಮುಳುಗಿತು, ಏಟು ಬಿತ್ತು. ಎದ್ದು ಹೋಗೋರು ಸಿಪ್ಪೆ ತಗೊಂಡು ಹೋಗಿ, ಹಸುವಿಗೆ ಹಾಕಿ.