ಲ್ಯಾಬಿನ ಕಿಟಕಿಯ ದೀಪ

ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ತಾಯಿ, ಮಗಳು ಕುಳಿತಿದ್ದರು. ತಾಯಿಯೇ ಮಗಳೊಂದಿಗೆ ಮಾತು ತೆಗೆದರು.

“ನಿಮ್ಮ ಲ್ಯಾಬಿನ ದೀಪ ಕೆಟ್ಟಿದೆಯೇನೇ? ಸಂಜೆ ಆರುತ್ತೆ, ಹತ್ತುತ್ತೆ.”

“ಕೆಟ್ಟಿಲ್ಲಮ್ಮ. ಕರೆಂಟ್ ಉಳಿಸೋಕೆ ಹೊಸದು ಹಾಕಿದ್ದಾರೆ. ಯಾರೂ ಅಲ್ಲಾಡದಿದ್ರೆ ತಾನೇ ಆರುತ್ತೆ. ನಾನು ಮೈಕ್ರೋಸ್ಕೋಪ್ ಮುಂದೆ ಕಲ್ಲಿನ ಹಾಗೆ ಕೂತಿರ್ತೀನಲ್ಲ, ಆಗಾಗ ಕೈ ಬೀಸಬೇಕು.”

“ಬೇರೆ ಯಾರೂ ಇರಲ್ವಾ?”

“ಎಲ್ಲರೂ ಮನೆಗೆ ಹೋಗಿರ್ತಾರೆ. ನಿನಗೆ ಹೇಗೆ ಕಾಣ್ತು ಅದು?”

“ನಮ್ಮ ಮಹಡಿಯಿಂದ ಮಸುಕು ಮಸುಕಾಗಿ ಕಾಣುತ್ತೆ. ಅಡುಗೆ ಮುಗಿಸಿ ಅಲ್ಲೇ ನಿಂತಿರ್ತೀನಿ. ನೀನು ಬರೋದು ನಾನು ಮಲಗಿದ ಮೇಲೆ ತಾನೇ?”

ಮಗಳು ಕೈಯಲ್ಲಿದ್ದ ಆಸ್ಪತ್ರೆಯ ಚೀಟಿಯನ್ನು ಮಡಿಸಿದಳು.

“ಹಾಗಾದ್ರೆ ದೀಪ ಹತ್ತಿದಾಗೆಲ್ಲ ನೀನು ಕೈ ಬೀಸಿದೆ ಅಂತ ಆಯ್ತು. ಇನ್ಮೇಲೆ ನಾನೂ ಬೀಸ್ತೀನಿ.”

“ಅಲ್ಲಿಂದ ನನಗೆ ಕಾಣಲ್ಲಮ್ಮ.”

ನರ್ಸ್ ತಾಯಿಯ ಹೆಸರು ಕರೆದಳು. ತಾಯಿ ಮಗಳ ಭುಜ ಹಿಡಿದು ಎದ್ದರು.

“ನನಗೆ ಕಾಣೋ ಹಾಗೆ ಮಾಡಿಸು, ಸಾಕು.”