ಅಟ್ಟದ ಮೇಲಿನ ಒಂಟಿ ಪಿಟೀಲು

ಬಿಳಿಗೆರೆ ಕಡೆ ನಡೆದದ್ದು ಇದು. ನಮ್ಮ ಚಿಕ್ಕಪ್ಪನ ಮಗ ಪರಮೇಶನಿಗೇ ಆದದ್ದು.

ಅವತ್ತು ಕಡೇ ಬಸ್ಸು ಇಳಿದು ಪರಮೇಶ, ಪಕ್ಕದ ತೋಟದ ಆಂಜನಪ್ಪ, ಇಬ್ಬರೇ ನಡೆದು ಬರ್ತಿದ್ದರು. ಹಳೇ ಬಾವಿ ದಾಟಬೇಕು. ಬಾವಿ ಪಕ್ಕದಲ್ಲೇ ಪರಮೇಶನ ಹೆಂಡತಿ ಗಿರಿಜಾಂಬಿಕಾಳ ಸಮಾಧಿ. ಜ್ವರ ಬಂದು ಹೋದಳು. ಮಣ್ಣು ಇನ್ನೂ ಹಸಿ. ಅವಳ ಪಿಟೀಲನ್ನೂ ಮಡಿಲಲ್ಲಿಟ್ಟೇ ಮಣ್ಣು ಎಳೆದಿದ್ದರು.

ಕುಂಯ್ಯ್...

ಪರಮೇಶ ನಿಂತ.

"ತೆಂಗಿನ ಗರಿ ಉಜ್ಜಿದ್ದು ಕಣ್ಲಾ. ನಡಿ," ಆಂಜನಪ್ಪ ಪಿಸುಗುಟ್ಟಿದ.

ಗರಿ ಅಲ್ಲ. ಗಿರಿಜಾಂಬಿಕಾ ನುಡಿಸ್ತಿದ್ದ ಮೊದಲನೇ ತುಂಡು ಅದು. ಪರಮೇಶನಿಗೆ ಗೊತ್ತು.

ಅವಳು ಸ್ಕೂಲಲ್ಲಿ ಸಂಗೀತದ ಮೇಡಂ. ಈಗಿನ ಕಾಲದ ಯಾರೋ ವಿಲಾಯಿತಿಯವರು ಒಂಟಿ ಪಿಟೀಲಿಗೇ ಅಂತ ಬರೆದ ಐದು ಸಣ್ಣ ಸಂಗೀತದ ತುಂಡು ಕಲೀತಿದ್ದಳು. ಮೃದಂಗ ಇಲ್ಲ, ತಂಬೂರಿ ಇಲ್ಲ. "ಏನ್ಲಾ, ಪಿಟೀಲಿಗೆ ಹೊಟ್ಟೆನೋವಾ?" ಅಂತ ಇದೇ ಆಂಜನಪ್ಪ ಆಡ್ಕೊಂಡಿದ್ದ. ಅದಕ್ಕೇ ಅವಳು ಅಟ್ಟ ಹತ್ತಿ, ಕೊಬ್ಬರಿಗೆ ಹಾಕಿದ ಕಾಯಿ ನಡುವೆ ಕೂತು ನುಡಿಸೋಳು. ನಾಲ್ಕು ತುಂಡು ಮುಗಿದ ಮೇಲೆ ಕಮಾನಿನ ಕಡ್ಡೀಲಿ ಹಲಗೆ ಕುಟ್ಟೋಳು. ಟಕ್, ಟಕ್. "ರೀ, ಕೇಳ್ತಿದ್ದೀರಾ?"

ಕೆಳಗಿಂದ ಅವನು "ಹೂಂ" ಅನ್ನಬೇಕು.

"ಐದನೇದು ಇನ್ನೂ ಕೈಗೆ ಕೂತಿಲ್ಲ ಕಣ್ರೀ. ಕೂತ ದಿನ ನಿಮಗೇ ಮೊದಲು."

ಆ ದಿನ ಬರಲೇ ಇಲ್ಲ.

ನಾದ ಮನೆ ಕಡೆಯಿಂದ ಬರ್ತಿತ್ತು, ಇಬ್ಬರೂ ಓಡಿದರು. ಮನೆಗೆ ಹಾಕಿದ ಬೀಗ ಹಾಕಿದಂಗೇ ಇತ್ತು. ತೆಗೆದ. ಅಟ್ಟದ ಮೇಲೆ ಹೋದ ವಾರ ಏರಿಸಿದ ಹೊಸ ಕಾಯಿ, ಒಳಗೆ ನೀರು ಗುಳುಕ್ ಅನ್ನೋ ಕಾಯಿ. ಅದರ ನಡುವಿಂದ ಪಿಟೀಲು... ಎರಡನೇದು... ಮೂರನೇದು... ನಾಲ್ಕನೇದು ತೆಳ್ಳನೆ ತಂತಿ ಮೇಲೆ ಇರುವೆ ಹರಿದಂಗೆ ಹರಿದು, ನಿಂತಿತು.

ಟಕ್, ಟಕ್.

ಆಂಜನಪ್ಪ ಅವನ ಬಾಯಿ ಒತ್ತಿ ಹಿಡಿದ. "ಹೂಂ ಅನ್ಬ್ಯಾಡ ಕಣ್ಲಾ! ಸತ್ತೋರಿಗೆ ಹೂಂ ಅಂದ್ರೆ ಕರ್ಕೊಂಡೋಯ್ತಾರೆ."

ಪರಮೇಶ ಕೈ ಸರಿಸಿದ. "ಕರ್ಕೊಂಡೋಗ್ಲಿ ಬುಡು."

"ಲೇ..."

"ಹೂಂ ಅನ್ನದಿದ್ರೆ ಐದನೇದು ಇಲ್ಲ ಕಣ್ಲಾ. ಇನ್ನೇನೈತೆ ನಂಗೆ?"

ಟಕ್... ಟಕ್. ಈ ಸಲ ಮೆಲ್ಲಗೆ. ಎದ್ದು ಹೊರಟೋಳ ಹಾಗೆ.

"ಹೂಂ!" ಅಂದುಬಿಟ್ಟ. "ಹೂಂ, ಗಿರಿಜಾ... ಕೇಳ್ತಿದೀನಿ."

ಕಮಾನು ದಪ್ಪ ತಂತಿಗೆ ಇಳಿಯಿತು. ಐದನೇದು.

"ಎಲ್ಲಿ ಕಣ್ಲಾ? ನಂಗೇನೂ ಕೇಳ್ತಿಲ್ಲ," ಅಂದ ಆಂಜನಪ್ಪ.

"ಸುಮ್ನಿರು..."

ಏಣಿ ಹಿಡಿದು ಕತ್ತೆತ್ತಿ ನಿಂತೇ ಇದ್ದ ಪರಮೇಶ. ನಡುನಡುವೆ "ಹೂಂ" ಅನ್ನೋನು. ಕೋಳಿ ಕೂಗಿದ ಮೇಲೆ ಕುಸಿದು ಕೂತ.

"ಕೇಳಿಸ್ತಾ?"

"ಕೇಳಿಸ್ತು. ಪೂರ್ತಿ ಕೇಳಿಸ್ತು." ಮುಖ ಮುಚ್ಚಿಕೊಂಡ. "ಕರ್ಕೊಂಡೋಗ್ಲಿಲ್ಲ ಕಣ್ಲಾ..."

ಬೆಳಕು ಹರಿದ ಮೇಲೆ ಆಂಜನಪ್ಪ ಅಟ್ಟ ಹತ್ತಿದ. ಯಾರೂ ಇಲ್ಲ. ಒಂದು ಕಾಯಿ ಎತ್ತಿ ಅಲ್ಲಾಡಿಸಿದ. ನೀರಿಲ್ಲ. ಲೊಟಕ್... ಇನ್ನೊಂದು. ಲೊಟಕ್. ಕಾಯೊಳಗೆ ನೀರು ಆರಿ ಕೊಬ್ಬರಿ ಚಿಪ್ಪು ಬಿಟ್ಟುಕೊಳ್ಳೋಕೆ ವರ್ಷ ಹಿಡಿಯುತ್ತೆ. ಹೋದ ವಾರದ ಕಾಯಿ ಅವು. ಒಂದೇ ರಾತ್ರೀಲಿ ಅಷ್ಟೂ ಒಣಗಿದ್ದವು.

ಸುಳ್ಳಲ್ಲ. ಅದರಲ್ಲೊಂದು ನಮ್ಮನೇಲೇ ಐತೆ. ಇನ್ನೂ ಒಡೆದಿಲ್ಲ.