ಮೂರನೆಯ ಕುಂಡ

...ಇಲ್ಲ ಕಣೋ, ಕೂತ್ಕೊಳ್ಳಲ್ಲ. ಎರಡು ನಿಮಿಷಕ್ಕೆ ಅಂತ ನಿನ್ನ ಶೆಡ್ಡಿಗೆ ಬಂದಿದ್ದು. ಆ ಸ್ಟೂಲ್ ನೀನೇ ಇಟ್ಕೋ. ಅದರ ಒಂದು ಕಾಲು ಮೂರು ವರ್ಷದಿಂದ ಅಲ್ಲಾಡ್ತಾನೇ ಇದೆ. ಅದನ್ನೂ ಪ್ರಕೃತಿಯೇ ಸರಿಮಾಡ್ಲಿ ಅಂತ ಬಿಟ್ಟಿದ್ದೀಯೇನೋ.

ನಗಬೇಡ. ನಗೋ ದಿನ ಅಲ್ಲ ಇದು. ನಾಲ್ಕು ಗಂಟೆಗೆ ಅಮ್ಮ ಬರ್ತಾಳೆ, ಗೊತ್ತು ತಾನೆ? ಮೂರು ವರ್ಷದ ಹಿಂದೆ ಅಡುಗೆಮನೆ ಮೇಜಿನ ಹತ್ರ ನಮ್ಮಿಬ್ಬರನ್ನೂ ಎದುರುಬದುರು ಕೂರಿಸಿ ಏನು ಹೇಳಿದ್ಲು? ನಿನಗೆ ನೆನಪಿರುತ್ತೆ. ಆದ್ರೂ ಹೇಳ್ತೀನಿ, ಆಮೇಲೆ ಅಕ್ಕ ಹೇಳಲೇ ಇಲ್ಲ ಅನ್ನಬಾರದು. "ಅವನಿಗೆ ಆ ಅರ್ಧ ಎಕರೆ ಬಿಡು, ಮೂರು ಬೆಳೆ ನೋಡೋಣ. ಉಳದೆ, ಗೊಬ್ಬರದ ಚೀಲ ಬಿಚ್ಚದೆ, ಔಷಧಿ ಹೊಡೆಯದೆ ಬೆಳೆದು ತೋರಿಸಿದ್ರೆ ಆ ತುಂಡು ಅವನದು. ಆಗಲಿಲ್ಲ ಅಂದ್ರೆ ನಿನ್ನ ಹೊಲಕ್ಕೆ ಸೇರಿಸ್ಕೊಂಡು ಟ್ರಾಕ್ಟರ್ ಹೊಡಿ." ಅಷ್ಟೇ ಮಾತು. ಇದು ಮೂರನೇ ಬೆಳೆ. ಟ್ರಾಕ್ಟರಿಗೆ ನಾನು ಬೆಳಿಗ್ಗೆನೇ ಡೀಸೆಲ್ ತುಂಬಿಸಿದ್ದೀನಿ.

ಹಾಗೇನು ನೋಡ್ತೀಯ? ಮೊದಲೇ ತುಂಬಿಸಿಟ್ರೆ ತಪ್ಪಾ? ಕೆಲಸ ಮಾಡೋರು ಮೊದಲೇ ತಯಾರಿರ್ತಾರೆ. ಇದನ್ನ ನಿನಗೆ ಬಿಡಿಸಿ ಹೇಳಬೇಕಾಗಿದೆ, ಯಾಕಂದ್ರೆ ನಿನ್ನ ಬೇಸಾಯದಲ್ಲಿ ಮುಖ್ಯವಾದ ಕೆಲಸ ಅಂದ್ರೆ ಏನೂ ಮಾಡದೆ ಇರೋದು.

ಅಲ್ವಾ ಮತ್ತೆ? ಉಳಬಾರದು. ಯಾಕೆ? ಎರೆಹುಳದ ಮನೆ ಒಡೆದುಹೋಗುತ್ತೆ. ಅಗೆಯಬಾರದು. ಯಾಕೆ? ಮಣ್ಣಿನೊಳಗೆ ಕಣ್ಣಿಗೆ ಕಾಣದ ಯಾರೋ ಇದ್ದಾರೆ, ಅವರಿಗೆ ತೊಂದರೆ ಆಗುತ್ತೆ. ಕಳೆ ಕೀಳೋದೂ ಬೇಡ, ಕತ್ತರಿಸಿ ಅಲ್ಲೇ ಹಾಕು. ಆಮೇಲೆ ಎಲ್ಲದರ ಮೇಲೂ ಒಂದು ಗೇಣು ಹುಲ್ಲು ಹೊದಿಸಿ ಮಲಗಿಸೋದು. ಮಣ್ಣಿಗೇನು ಚಳಿಜ್ವರ ಬಂದಿದೆಯೇನೋ? ಕಾಲ ಹತ್ರ ಕೂತು ಕಷಾಯನೂ ಕುಡಿಸ್ತೀಯೋ ಏನೋ.

ಮುಖ ಸಿಂಡರಿಸಬೇಡ, ಹೇಳೋದಿದ್ರೆ ಹೇಳು... ಏನಿಲ್ಲ? ಸರಿ.

ಮೊದಲಿಂದಲೂ ನೀನು ಹೀಗೇ. ಅಪ್ಪ ಹೋದಾಗ ನನಗೆ ಇಪ್ಪತ್ತಮೂರು. ನೇಗಿಲು ಕಟ್ಟಿದ ಹಳೇ ಟ್ರಾಕ್ಟರು, ಒಂದು ಕಡೆ ಲೈಟೇ ಇರ್ಲಿಲ್ಲ, ಅದರ ಮೇಲೆ ಹತ್ತಿ ಕೂತೆ. ಬೇಲಿ ಆಚೆ ನಿಂತು ಗಂಡಸರು ಹಲ್ಲು ಕಿಸಿದ್ರು. ಇಪ್ಪತ್ತೆರಡು ವರ್ಷ ಉತ್ತಿದ್ದೀನಿ. ಒಂದು ಹಂಗಾಮೂ ತಪ್ಪಿಸಿಲ್ಲ. ನೀನು ಆಗ ಎಲ್ಲಿದ್ದೆ? ಪಟ್ಟಣದಲ್ಲಿ ಔಷಧಿ ಅಂಗಡಿಯ ಕೌಂಟರ್ ಹಿಂದೆ, ಫ್ಯಾನ್ ಕೆಳಗೆ, ಕೆಮ್ಮಿಗೊಂದು ಮಾತ್ರೆ ಶೀತಕ್ಕೊಂದು ಮಾತ್ರೆ ಅಂತ ಮಾರ್ತಾ ಕೂತಿದ್ದೆ. ಮನುಷ್ಯರಿಗೆ ಹದಿನೈದು ವರ್ಷ ರಾಸಾಯನಿಕ ನುಂಗಿಸಿದೋನು ಬಂದು ಟೊಮೆಟೊ ಗಿಡಕ್ಕೆ ಒಂದು ಹನಿನೂ ಬೇಡ ಅಂತಾನೆ. ಕೇಳೋಕೇ ಚೆನ್ನಾಗಿದೆ.

ಸರಿಬಿಡು, ಅದೆಲ್ಲ ಹಳೇದು. ನಾನು ಕೆಟ್ಟವಳಲ್ಲ. ಈ ವರ್ಷ ನಾಟಿಗೆ ಮುಂಚೆ ನಿನ್ನ ಹತ್ರ ಒಣಗಿದೆಲೆ ಸಾಲಲಿಲ್ಲ, ಎರಡೇ ಸಾಲಿಗೆ ಮುಗಿದುಹೋಯ್ತು ಅಂತ ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ದೆ. ಹುಲ್ಲು ಕೊಟ್ಟಿದ್ದು ಯಾರು? ನಲವತ್ತು ಕಟ್ಟು ಗೋಧಿ ಹುಲ್ಲು, ಟ್ರೇಲರಿಗೆ ನಾನೇ ಹಾಕಿ, ನಾನೇ ತಂದು ಇಳಿಸಿದೆ. ನೀನು ಒಂದೇ ಒಂದು ಪ್ರಶ್ನೆ ಕೇಳಿದೆ. "ಈ ಹುಲ್ಲಿನ ಹೊಲಕ್ಕೆ ಕಳೆ ಔಷಧಿ ಹೊಡೆದಿದ್ದೀಯಾ ಅಕ್ಕ?" ಅಂತ. ಕೊಟ್ಟೋರಿಗೆ ಕೇಳೋ ಪ್ರಶ್ನೇನಾ ಅದು? ಆದ್ರೂ ಬೇಜಾರು ಮಾಡ್ಕೊಳ್ಳದೆ ಹೇಳ್ದೆ, ಇಲ್ಲ ಕಣೋ, ಒಂದು ಹನಿ ಕಂಡಿಲ್ಲ ಇದು ಅಂತ.

...ಯಾಕೆ ತಲೆ ತಗ್ಗಿಸಿದೆ? ಉಪಕಾರ ನೆನಪಿಸಿದ್ರೆ ನಿನಗೆ ಯಾವಾಗಲೂ ಹಾಗೇ.

ಬರ್ತಾ ನಿನ್ನ ಸಾಲುಗಳನ್ನ ನೋಡ್ದೆ. ಅಯ್ಯೋ ಪಾಪ ಅನ್ನಿಸ್ತು, ಸುಳ್ಳು ಯಾಕೆ ಹೇಳ್ಲಿ. ಟೊಮೆಟೊ ಎಲೆ ಎಲ್ಲ ಬಟ್ಟಲಿನ ಹಾಗೆ ಮೇಲಕ್ಕೆ ಮಡಚಿಕೊಂಡಿದೆ. ಬೀನ್ಸ್ ಬಳ್ಳಿ ಹಗ್ಗ ಹೊಸೆದ ಹಾಗೆ ತಿರುಚಿಕೊಂಡು ನಿಂತಿದೆ, ಕೋಲಿಗೆ ಹತ್ತೋ ಶಕ್ತಿಯೂ ಇಲ್ಲ. ಅಮ್ಮ ನೋಡಿದ್ರೆ ಏನಂತಾಳೆ? ಅವಳಿಗೆ ನಿನ್ನ ತತ್ವ ಅರ್ಥ ಆಗಲ್ಲ, ಎಲೆ ಅರ್ಥ ಆಗುತ್ತೆ. ಇದಕ್ಕೆ ಕಾರಣ ಏನು ಅಂತ ನಾನು ಹೇಳ್ತೀನಿ ಕೇಳು. ಬಿಳಿನೊಣ. ನೊಣ ರೋಗ ಹರಡುತ್ತೆ, ನೀನು ಹೊಡೆಯಲ್ಲ, ಅದಕ್ಕೇ ಮುದುರಿದೆ. ಅಥವಾ ಹಸಿವು. ಒಂದು ಚೀಲ ಯೂರಿಯಾ ಹಾಕಿದ್ರೆ ಹೀಗಾಗ್ತಿರ್ಲಿಲ್ಲ. ಇಲ್ಲಾಂದ್ರೆ ಬೇರಿಗೆ ಉಸಿರು ಕಟ್ಟಿದೆ, ಉತ್ತಿಲ್ಲವಲ್ಲ.

ಯಾವುದು ಅಂತ ನೋಡ್ತೀಯ? ಮೂರರಲ್ಲಿ ಯಾವುದೋ ಒಂದು. ಹುಬ್ಬೇರಿಸಬೇಡ, ನಾನೇನು ಡಾಕ್ಟರಾ? ಹೇಳೋದಿಷ್ಟೇ, ತಪ್ಪು ನಿನ್ನ ಪದ್ಧತೀದು. ಅಮ್ಮ ಬಂದ ತಕ್ಷಣ ನೀನೇ ಒಪ್ಪಿಕೊಂಡುಬಿಡು. ಆಗಲಿಲ್ಲಮ್ಮ ಅಂತ ಒಂದು ಮಾತು. ಮರ್ಯಾದೆನೂ ಉಳಿಯುತ್ತೆ. ಆಮೇಲೆ ನನ್ನ ಜೊತೆ ಬಾ, ಗೋದಾಮು ನೋಡ್ಕೊಳ್ಳೋಕೆ ನನಗೂ ಒಬ್ಬರು ಬೇಕು. ತಮ್ಮ ಅಂತ ತಾನೆ ಇಷ್ಟು ಹೇಳ್ತಿರೋದು.

ಅದೇನದು ಕಿಟಕಿ ಕಟ್ಟೆ ಮೇಲೆ? ಮೂರು ಕುಂಡ. ಸೀಮೆಸುಣ್ಣದಲ್ಲಿ ಒಂದು, ಎರಡು, ಮೂರು. ಇದೇನೋ ಶಾಲೆ ಮಕ್ಕಳ ಆಟ? ಬೀನ್ಸ್ ಸಸಿ. ಹದಿನೈದು ದಿನದ್ದಿರಬೇಕು ಅಲ್ವಾ? ಒಂದನೇದು ಚೆನ್ನಾಗಿದೆ. ಎರಡನೇದೂ ಚೆನ್ನಾಗೇ ಇದೆ, ಎಲೆ ಅಂಗೈ ಅಗಲ ಬಿಚ್ಚಿಕೊಂಡಿದೆ. ಮೂರು...

ಮೂರಕ್ಕೆ ನೀರು ಸಾಲದು. ಎತ್ತಿ ನೋಡಿದ್ರೆ ಗೊತ್ತಾಗುತ್ತೆ, ಹಗುರ ಇರುತ್ತೆ. ಎಲ್ಲಿ... ಇಲ್ಲ, ಭಾರನೇ ಇದೆ. ನೀರು ಜಾಸ್ತಿ ಆಗಿರಬೇಕು. ಬಿಸಿಲು ಬಿದ್ದಿರಲ್ಲ. ಮೂಲೆಯಲ್ಲಿತ್ತಾ? ಅದೇ ಕಿಟಕೀಲೇ ಇತ್ತು ಸರಿ, ನನಗೆ ಕಾಣ್ತಿದೆ, ಬೆರಳು ತೋರಿಸೋದು ಬೇಡ. ಬೀಜ ಕೆಟ್ಟದಿರಬಹುದು. ಒಂದೇ ಪೊಟ್ಟಣದ್ದಾ? ಒಂದೇ ಪೊಟ್ಟಣದಲ್ಲೂ ಒಂದು ಕೆಟ್ಟ ಬೀಜ ಇರುತ್ತೆ... ನಾಲ್ಕು ಸಸಿ ಇದೆ, ನೋಡ್ದೆ. ನಾಲ್ಕೂ ಹಾಗೇ ಮಡಚಿಕೊಂಡಿದೆ, ನೋಡ್ದೆ.

ಏನಾದ್ರೂ ಮಾತಾಡೋ. ಸುಮ್ಮನೆ ಕೂತು ನನ್ನ ಮುಖ ನೋಡಿದ್ರೆ ನನಗೇನು ಅರ್ಥ ಆಗಬೇಕು?

ನೋಡು, ಇದರಿಂದ ಏನೂ ಸಾಬೀತಾಗಲ್ಲ. ಲ್ಯಾಬೋರೇಟರೀನಾ ಇದು, ಮುರುಕಲು ಸ್ಟೂಲ್ ಇಟ್ಕೊಂಡಿರೋ ಶೆಡ್ಡು. ಒಂದು ಹಿಡಿ ಹುಲ್ಲು ನೆನೆಸಿ ಆ ನೀರು ಹಾಕಿದ್ರೆ ಗಿಡ ಮುದುರಿತು ಅಂತ ಯಾರ ಮೇಲೋ ಹೊರಿಸೋಕಾಗುತ್ತಾ? ಹುಲ್ಲಲ್ಲಿ ಬೂಷ್ಟು ಹಿಡಿದಿರುತ್ತೆ, ಇಲಿ ಉಚ್ಚೆ ಹೊಯ್ದಿರುತ್ತೆ, ನೂರೆಂಟು ಇರುತ್ತೆ...

ಏನು?

ಮೂರಕ್ಕೆ ಏನು ಹಾಕಿದ್ದೀನಿ ಅಂತ ನೀನು ಹೇಳಿದ್ಯಲ್ಲ. ಈಗ ತಾನೆ ಹೇಳಿದೆ. ಹೇಳ್ಲಿಲ್ವಾ... ಬಂದಾಗಿಂದ ಬಾಯೇ ಬಿಟ್ಟಿಲ್ಲ, ಹೌದು. ಹಾಗಾದ್ರೆ ಹುಲ್ಲು ಕಾಣ್ತಿರಬೇಕು, ಕುಂಡದಲ್ಲಿ...

ಬರೀ ಮಣ್ಣು.

ಒಂದು ಲೋಟ ನೀರು ಕೊಡು.

...ಕಳೆ ಔಷಧಿ ಕೊಟ್ಟ ಅಂಗಡಿಯವನು ಹೇಳಿದ್ದ. ಡಬ್ಬದ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಲ್ಲ, ಅದನ್ನ ಕನ್ನಡಕ ಹಾಕ್ಕೊಂಡು ನನಗೆ ಓದಿಯೂ ಹೇಳಿದ. "ಅಗಲ ಎಲೆ ಕಳೆ ಎಲ್ಲ ಸಾಯುತ್ತೆ, ಗೋಧಿಗೆ ಏನೂ ಆಗಲ್ಲ. ಆದ್ರೆ ಆ ಹುಲ್ಲಲ್ಲಿ ಔಷಧಿ ಉಳಿದಿರುತ್ತೆ ಅಮ್ಮ, ತರಕಾರಿಗೆ ಮಾತ್ರ ಹೊದಿಸಬೇಡಿ, ಟೊಮೆಟೊ ಬೀನ್ಸ್ ಮುದುರಿಹೋಗುತ್ತೆ" ಅಂತ. ನಾನು ನಕ್ಕೆ. ತರಕಾರಿಗೆ ಹುಲ್ಲು ಹೊದಿಸೋ ಹುಚ್ಚರು ಯಾರಿದ್ದಾರಪ್ಪ ಅಂತ ನಕ್ಕೆ. ಆಮೇಲೆ ನೀನು ಬಂದೆ.

ಮರೆತುಹೋಗಿತ್ತು ಅಂತ ಹೇಳಬಹುದಿತ್ತು ನಾನು. ನೀನು ಆ ಪ್ರಶ್ನೆ ಕೇಳದೆ ಇದ್ದಿದ್ರೆ ಹೇಳಬಹುದಿತ್ತು. ಕೇಳಿಬಿಟ್ಟೆಯಲ್ಲ.

ಯಾಕೆ ಅಂತೀಯಾ? ಅನ್ನು. ಬೈಯಿ. ಹೋದ ವರ್ಷ ಅಮ್ಮ ಇಲ್ಲಿಗೆ ಬಂದಿದ್ಲಲ್ಲ, ನಿನ್ನ ಪಾತಿ ಹತ್ರ ಕುಕ್ಕುರುಗಾಲಲ್ಲಿ ಕೂತು ಹುಲ್ಲು ಸರಿಸಿ ಮಣ್ಣಿಗೆ ಕೈ ಹಾಕಿದ್ಲು. ಬಲ ಹಾಕಲೇ ಇಲ್ಲ. ಮಣಿಕಟ್ಟಿನವರೆಗೆ ಹೋಯ್ತು ಕೈ. ನೀನು ಅವಳ ಮುಖ ನೋಡಿದ್ಯಾ? ನಾನು ನೋಡ್ದೆ. ಎದ್ದು ನಿಂತು ನನ್ನ ಕಡೆ ತಿರುಗಿ ಏನೂ ಹೇಳ್ಲಿಲ್ಲ. ಹೇಳಿದ್ದಿದ್ರೆ ಜಗಳ ಆಡ್ತಿದ್ದೆ.

ಸಂಜೆ ನಾನು ನನ್ನ ಹೊಲದ ನಡುವೆ ಹೋಗಿ ಕೂತೆ. ಯಾರೂ ಇರಲಿಲ್ಲ. ಹಾಗೇ ಕೈ ಒತ್ತಿದೆ. ಮೇಲೆ ನಾಲ್ಕು ಬೆರಳು ಪುಡಿ, ಅದರ ಕೆಳಗೆ ಸಿಮೆಂಟು. ಇಪ್ಪತ್ತೆರಡು ವರ್ಷ ಅದರ ಮೇಲೆ ಟ್ರಾಕ್ಟರ್ ಓಡಿಸಿ ಓಡಿಸಿ ನೆಲ ಹಾಕಿದ ಹಾಗಾಗಿದೆ. ಸಿಟ್ಟಲ್ಲಿ ಇನ್ನೂ ಒತ್ತಿದೆ. ಎರಡು ಉಗುರು ಕಿತ್ತು ಬಂತು. ಮನೇಲಿ ಬಾಗಿಲಿಗೆ ಸಿಕ್ಕಿತು ಅಂದೆ. ನೀನೇ ತಾನೆ ಪಟ್ಟಿ ಕಟ್ಟಿದ್ದು.

ನೀನು ಸೋಲಬೇಕಿತ್ತು ಕಣೋ. ಏನೂ ಮಾಡದೆ ಕೂತೋನ ಮಣ್ಣು ಹಾಗಿದ್ರೆ, ನಾನು ಇಷ್ಟು ವರ್ಷ ಮಾಡಿದ್ದು ಏನು?

ಆ ಎರಡು ಸಾಲು, ಒಣಗಿದೆಲೆ ಹೊದಿಸಿದ್ದು, ಹಸಿರಾಗಿ ನಿಂತಿದೆ. ಬರ್ತಾ ಅದನ್ನೂ ನೋಡ್ದೆ. ನೋಡಿಲ್ಲ ಅಂತ ಅಂದ್ಕೊಂಡೆ.

...ಕಾರ್ ಬಂತು. ಗೇಟ್ ತೆಗೀತಿದ್ದಾಳೆ. ಈಗ ನೀನು ಹೇಳ್ತೀಯ, ಅಲ್ವಾ? ಕುಂಡ ತೋರಿಸಿ, ಒಂದು ಎರಡು ಮೂರು ಅಂತ. ಹೇಳು. ನಾನು ಇಲ್ಲೇ ನಿಂತಿರ್ತೀನಿ... ತಲೆ ಯಾಕೆ ಅಲ್ಲಾಡಿಸ್ತೀಯ? ಹೇಳಲ್ವಾ?

ಹೇಳಲ್ಲ ಅಂದ್ರೆ ಈ ಮೂರನೇ ಕುಂಡಾನ ಯಾಕೋ ನನ್ನ ಕೈಗೆ ಕೊಡ್ತಿದ್ದೀಯ?